ಒಂದು ಮುಕ್ಕಾಲು ಕುರಿ

ಭೀಮಕ್ಕ ಕುರಿಯಾದದ್ದು ಶ್ರಾವಣದ ಒಂದು ಸೋಮವಾರ, ಬೆಳಿಗ್ಗೆ ಒಂಬತ್ತೂವರೆಗೆ. ಬಾಯಿಮಾತಲ್ಲ, ಕಾರ್ಡು ಇದೆ. ನೀಲಿ ದಾರದಲ್ಲಿ ಕೊರಳಿಗೆ ಹಾಕಿಕೊಳ್ಳುವ ಕಾರ್ಡು. ಅದರಲ್ಲಿ ಫೋಟೊ ಇಲ್ಲ, ಹೆಸರಿಲ್ಲ. ‘ಕುರಿ-1. ಮಾಳದೊಳಗೆ ಪ್ರವೇಶಿಸಲು ಅನುಮತಿ ಇದೆ’ ಎಂದಷ್ಟೇ ಅಚ್ಚಾಗಿದೆ. ಕೆಳಗೆ ಪೂರ್ಣಿಮಾ ಮೇಡಂ ಅವರ ಸಹಿ, ಸಹಿಯ ಮೇಲೆ ದುಂಡನೆಯ ಮೊಹರು.

ಅಲ್ಲಿಯವರೆಗೆ ಅವಳು ಕುರಿ ಕಾಯುವ ಹೆಂಗಸಾಗಿದ್ದಳು. ನಲವತ್ತು ವರ್ಷ ಅದೇ ಕೆಲಸ.

ಖಾನಾಪುರದಿಂದ ಜಾಂಬೋಟಿಗೆ ಹೋಗುವಾಗ ರಸ್ತೆ ಬಿಟ್ಟು ಎಡಕ್ಕೆ ಗುಡ್ಡ ಹತ್ತಿದರೆ ಬೀರಪ್ಪನ ಮಾಳ ಸಿಗುತ್ತದೆ. ಮೇಲೆ ಮರವಿಲ್ಲ. ಕೆಂಪು ಬಂಡೆ, ಬಂಡೆಯ ಮೇಲೆ ಗೇಣುದ್ದವೂ ಇಲ್ಲದ ಮಣ್ಣು, ಮಣ್ಣಿನ ತುಂಬ ಹುಲ್ಲು. ಭೀಮಕ್ಕನ ಅತ್ತೆಯ ಅತ್ತೆಯೂ ಅಲ್ಲೇ ಕುರಿ ಮೇಯಿಸಿದವಳು. ಎರಡು ವರ್ಷದ ಹಿಂದೆ ಬೆಳಗಾವಿಯ ಒಂದು ಸಂಶೋಧನಾ ಸಂಸ್ಥೆಯವರು ಬಂದು ಮಾಳದ ಸುತ್ತ ತಂತಿ ಬೇಲಿ ಹಾಕಿದರು. ಗೇಟು ನಿಲ್ಲಿಸಿದರು. ಗೇಟಿನ ಮೇಲೆ ಫಲಕ: ಕುರಿ ಮೇಯಿಸುವುದನ್ನು ನಿಷೇಧಿಸಿದೆ, ಕಾರ್ಡು ಇಲ್ಲದವರಿಗೆ ಪ್ರವೇಶವಿಲ್ಲ. ಭೀಮಕ್ಕನ ಇಪ್ಪತ್ತೆಂಟು ಕುರಿಗಳು ಗುಡ್ಡದ ಕೆಳಗಿನ ಹಟ್ಟಿಯಲ್ಲಿ ಒಣ ಭತ್ತದ ಹುಲ್ಲು ಅಗಿಯುತ್ತ ನಿಂತವು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಅರ್ಧ ಉಳಿಯಲಿಲ್ಲ. ತಾಯಿಗೆ ಹಾಲಿದ್ದರೆ ತಾನೇ ಮರಿ ಉಳಿಯುವುದು.

ಬೇಲಿಯೊಳಗೆ ಇಪ್ಪತ್ನಾಲ್ಕು ಮನೆ ಎದ್ದವು. ಸೊಂಟದೆತ್ತರದ, ಆರು ಮೂಲೆಯ, ಹೊಳೆಯುವ ಪ್ಲಾಸ್ಟಿಕ್ ಗೋಡೆಯ ಮನೆಗಳು. ಮಾಡು ಇಲ್ಲ, ನುಸುಳಲು ಒಂದು ಕಂಡಿ. ಒಳಗೆ ಯಾರೂ ಇಲ್ಲ, ಬರೀ ಹುಲ್ಲು.

“ಇವು ಬಿಸಲಿನ ಮನಿ ರೀ,” ಎಂದು ಸುಯೋಗ ಹೇಳಿದ. ಸುಯೋಗ ಸಂಸ್ಥೆಯ ಹುಡುಗ, ಬೆಳಗಾವಿಯವನು, ರವಿವಾರ ಪೇಟೆಯ ಕಾಳಿನ ವ್ಯಾಪಾರಿಯ ಮಗ. ಜೈನರ ಮನೆಯವನು, ಇರುವೆ ತುಳಿದೀತೆಂದು ನೆಲ ನೋಡಿ ಹೆಜ್ಜೆ ಇಡುವವನು. “ಮುಂದ ಐವತ್ತ ವರ್ಷಕ್ಕ ಎಷ್ಟ ಬಿಸಲ ಆಗತೈತ್ಯೋ, ಅಷ್ಟನ್ನ ಇವತ್ತ ಇದರಾಗ ತಂದ ಇಟ್ಟೀವ್ರಿ. ಆ ಬಿಸಲಿಗೆ ಯಾವ ಹುಲ್ಲ ಉಳೀತೈತಿ, ಯಾವದ ಹೋಗತೈತಿ, ನೋಡಬೇಕಾಗೇತಿ.”

“ಮುಂದ ಬರೂ ಬಿಸಲಿಗೆ ಈಗ ಮನಿ ಕಟ್ಟೀರಿ,” ಎಂದಳು ಭೀಮಕ್ಕ. “ಈಗಿನ ಕುರಿಗೆ ಎಲ್ಲಿ ಜಾಗಾ ರೀ ಸಾಹೇಬ್ರ?”

ಸುಯೋಗ ನೆಲ ನೋಡಿದ. ಇರುವೆ ಇರಲಿಲ್ಲ.

ತೊಡಕು ಏನೆಂದರೆ, ಇಪ್ಪತ್ನಾಲ್ಕರಲ್ಲಿ ಹನ್ನೆರಡು ಮನೆಯ ಹುಲ್ಲನ್ನು ಕುರಿ ಮೇಯಬೇಕಿತ್ತು. ಮೇದದ್ದಕ್ಕೂ ಮೇಯದ್ದಕ್ಕೂ ಏನು ಫರಕು ಎಂದು ನೋಡಲು. ಆದರೆ ಮಾಳದಲ್ಲಿ ಕುರಿಗೆ ನಿಷೇಧ. ಮೇಲಿನ ಕಚೇರಿಗೆ ಪತ್ರ ಹೋಯಿತು. ಉತ್ತರ ಬಂತು: ಕುರಿಗಳನ್ನು ಬಿಡುವಂತಿಲ್ಲ, ಮನುಷ್ಯರಿಗೆ ಅಡ್ಡಿಯಿಲ್ಲ. ಸಂಸ್ಥೆಯ ಮುಖ್ಯಸ್ಥೆ ಪೂರ್ಣಿಮಾ ಮೇಡಂ ದೊಡ್ಡ ಓದು ಓದಿದವರು. ಆ ಉತ್ತರವನ್ನು ಎರಡು ಸಲ ಓದಿ ದಾರಿ ಕಂಡುಕೊಂಡರು. ಮಾಳಕ್ಕೆ ಬೇಕಾದದ್ದು ಮೇಯುವಿಕೆ, ಕುರಿಯಲ್ಲ.

ಹೀಗೆ ಕುರಿಯ ಹುದ್ದೆ ಹುಟ್ಟಿತು. ಮೂರು ಹುದ್ದೆ. ಒಂದಕ್ಕೆ ಭೀಮಕ್ಕ, ಇನ್ನೊಂದಕ್ಕೆ ಅವಳ ನೆಗೆಣ್ಣಿ ಮಾಯಕ್ಕ, ಮೂರನೆಯದಕ್ಕೆ ಮೈದುನ ತಮ್ಮಣ್ಣ.

“ಕುರಿ ಹೆಂಗ ಮೇಯ್ತಾವ ಅನ್ನೂದು ನಿಮಗಿಂತ ಚೊಲೊ ಯಾರಿಗೆ ಗೊತ್ತೈತ್ರಿ?” ಎಂದ ಸುಯೋಗ ಹಟ್ಟಿಯ ಬಾಗಿಲಲ್ಲಿ ನಿಂತು. “ವರದಿ ಬರಲಿ. ಮೇದದ್ದರಿಂದ ಹುಲ್ಲಿಗೆ ತ್ರಾಸ ಇಲ್ಲ ಅಂತ ಬಂತಂದ್ರ ಬೇಲಿ ತಗೀತಾರ. ನಿಮ್ಮ ಕುರಿ ಮ್ಯಾಲ ಹೋಗತಾವ.”

ಭೀಮಕ್ಕ ಹ್ಞೂಂ ಅಂದದ್ದು ಆ ಒಂದು ಮಾತಿಗೆ. ನಗುವವರು ನಗಲಿ. ಇಪ್ಪತ್ತೆಂಟು ಜೀವಗಳು ಹಸಿದು ಅವಳ ಮುಖ ನೋಡುತ್ತಿದ್ದವು.

ಮೊದಲ ದಿನ ತೂಕ ಮಾಡಿದರು. ಸುಯೋಗ ಹಸಿರು ರಟ್ಟಿನ ವಹಿಯಲ್ಲಿ ಬರೆದುಕೊಂಡು ಲೆಕ್ಕ ಹಾಕಿದ. ಒಂದು ಕುರಿಯ ತೂಕ ಸರಾಸರಿ ಮೂವತ್ತು ಕಿಲೊ. ಭೀಮಕ್ಕ ಐವತ್ತೆರಡು. ಅಂದರೆ ಭೀಮಕ್ಕ ಒಂದು ಮುಕ್ಕಾಲು ಕುರಿ. ಮಾಯಕ್ಕ ಒಂದೂವರೆ. ತಮ್ಮಣ್ಣ ಎರಡಕ್ಕೆ ಸ್ವಲ್ಪ ಕಡಿಮೆ.

“ಹುಟ್ಟಿದಾಗಿಂದ ನನ್ನ ಒಂದ ಪೂರ್ತಿ ಹೆಣಮಗಳು ಅಂತ ಯಾರೂ ಹಿಡದಿಲ್ಲ,” ಎಂದಳು ಭೀಮಕ್ಕ. “ಕುರ್ಯಾಗರ ಮುಕ್ಕಾಲ ಹೆಚ್ಚಾದ್ನೆಲ್ಲ.”

ಆಮೇಲೆ ನಿಯಮ ಓದಿ ಹೇಳಿದರು. ಮನೆಯೊಳಗೆ ಮೊಣಕಾಲು, ಅಂಗೈ ಊರಿ ನಾಲ್ಕು ಕಾಲಲ್ಲಿ ನಡೆಯಬೇಕು. ಎದ್ದು ನಿಲ್ಲುವಂತಿಲ್ಲ, ಮನುಷ್ಯನ ಪಾದದ ಭಾರ ಬೇರೆ. ಹುಲ್ಲನ್ನು ಕತ್ತರಿಯಿಂದ ಕತ್ತರಿಸಬೇಕು. ಕೀಳುವಂತಿಲ್ಲ. ರೊಟ್ಟಿ ತಿನ್ನುವಂತಿಲ್ಲ, ಜೋಳದ ಚೂರು ಬಿದ್ದೀತು. ಉಗುಳುವಂತಿಲ್ಲ. ಕೊನೆಗೆ ಪ್ರತಿ ಮನೆಯಲ್ಲಿ ಎಣಿಸಿ ಮೂವತ್ತು ಹಿಕ್ಕೆ ಹಾಕಿ ಬರಬೇಕು.

ಹಿಕ್ಕೆಯದೇ ಒಂದು ಕಥೆ. ಹಿಕ್ಕೆ ಭೀಮಕ್ಕನ ಹಟ್ಟಿಯಲ್ಲೇ ರಾಶಿ ಬಿದ್ದಿತ್ತು. ಆದರೆ ಹಟ್ಟಿ ರಸೀದಿ ಕೊಡುವುದಿಲ್ಲ. ಆದ್ದರಿಂದ ಹಿಕ್ಕೆ ಚೀಲದಲ್ಲಿ ಬಸ್ಸು ಹತ್ತಿ ರವಿವಾರ ಪೇಟೆಗೆ ಹೋಗುತ್ತಿತ್ತು. ಅಲ್ಲಿಯ ಒಂದು ಅಂಗಡಿಯಲ್ಲಿ ಪ್ಲಾಸ್ಟಿಕ್ ಪಾಕೀಟಿಗೆ ಸೇರಿ, ರಸೀದಿ ಹಚ್ಚಿಸಿಕೊಂಡು, ಸಂಸ್ಥೆಯ ಜೀಪಿನಲ್ಲಿ ಮಾಳಕ್ಕೆ ಬರುತ್ತಿತ್ತು. ಭೀಮಕ್ಕ ಪಾಕೀಟು ಒಡೆದು ಮೂಸಿ ನೋಡಿ, ಇದು ಕರಿಗಿವಿಯದು ಎನ್ನುತ್ತಿದ್ದಳು. ಕರಿಗಿವಿ ಅವಳ ಗಂಟೆ ಕಟ್ಟಿದ ಹಿರಿಯ ಕುರಿ. ಅದು ಎತ್ತ ಹೋದರೆ ಹಿಂಡು ಅತ್ತ.

ಗೇಟಿನಲ್ಲಿ ಕಲ್ಲಯ್ಯ ಕಾವಲಿದ್ದ. ಒಂದೇ ಊರಿನವನು. ಭೀಮಕ್ಕನ ಮದುವೆಯಲ್ಲಿ ಉಂಡವನು. ಒಂದು ದಿನ ಅವಳು ಕಾರ್ಡು ಮರೆತು ಬಂದಳು. ಕಲ್ಲಯ್ಯ ಬಿಡಲಿಲ್ಲ.

“ನನ್ನ ಗುರುತಿಲ್ಲೇನ್ರಿ ಕಲ್ಲಯ್ಯಾರ?”

“ಗುರುತೈತಿ ಭೀಮಕ್ಕ. ಮಾರಿ ನೋಡಿ ಬಿಡಬ್ಯಾಡ, ಕಾರ್ಡ ನೋಡಿ ಬಿಡು ಅಂದಾರ. ನಾ ಏನ ಮಾಡ್ಲಿ.”

ಅವಳು ಗುಡ್ಡ ಇಳಿದು, ಕಾರ್ಡು ಹಾಕಿಕೊಂಡು, ಮತ್ತೆ ಗುಡ್ಡ ಹತ್ತಿ ಬಂದಳು. ಬಂದು ಮೊಣಕಾಲೂರಿದಳು.

ಮಾಳದ ಕೆಂಪು ಕಲ್ಲು ಅರದಂತೆ. ಎಂಟು ದಿನಕ್ಕೆ ಮೊಣಕಾಲ ಚರ್ಮ ಸುಲಿಯಿತು. ಸೀರೆಗೆ ರಕ್ತ ಅಂಟಿ, ಒಣಗಿ, ಬಿಡಿಸುವಾಗ ಮತ್ತೆ ಸುಲಿಯಿತು. ಸುಯೋಗ ಮರುಗಿ ಎಲ್ಲಿಂದಲೋ ಬಿಳಿ ಮೊಣಕಾಲು ಪಟ್ಟಿ ತಂದುಕೊಟ್ಟ. ಮೂರನೆಯ ದಿನ ಮೇಡಂ ಫೋನಿನಲ್ಲಿ ಕೇಳಿದರು, ಕುರಿಗಳಿಗೆ ಮೊಣಕಾಲು ಪಟ್ಟಿ ಇರುತ್ತದೆಯೇ ಎಂದು. ಪಟ್ಟಿ ವಾಪಸು ಹೋಯಿತು. ಭೀಮಕ್ಕ ಹಳೆಯ ಕಂಬಳಿ ಹರಿದು ಕಟ್ಟಿಕೊಂಡಳು. ಕಂಬಳಿ ಉಣ್ಣೆಯದು, ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಪ್ಲಾಸ್ಟಿಕ್ ಗೋಡೆಯೊಳಗೆ ಹಬೆ. ಬೆವರು ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಅದನ್ನು ನೆಲಕ್ಕೆ ಬೀಳಿಸಬಹುದೇ ಎಂದು ನಿಯಮದಲ್ಲಿ ಬರೆದಿರಲಿಲ್ಲ. ಕೆಳಗೆ ಹಟ್ಟಿಯಿಂದ ಕುರಿಗಳು ಕತ್ತೆತ್ತಿ ಮಾಳದತ್ತ ನೋಡುತ್ತಿದ್ದವು. ತಮ್ಮ ಒಡತಿ ನಾಲ್ಕು ಕಾಲಲ್ಲಿ ಹುಲ್ಲು ಕತ್ತರಿಸುವುದನ್ನು ನೋಡಿ ಅವಕ್ಕೆ ಏನೆನ್ನಿಸಿತೋ ಯಾರು ಬಲ್ಲರು. ಅವಳಿಗೆ ಮಾತ್ರ ನಾಚಿಕೆಯಾಗುತ್ತಿತ್ತು. ಮನುಷ್ಯರೆದುರು ಆಗದ ನಾಚಿಕೆ ಕುರಿಗಳೆದುರು ಆಗುತ್ತಿತ್ತು.

ಆದರೂ ಕೆಲಸ ಕೆಲಸವೇ. ಭೀಮಕ್ಕ ಮಾಡಿದ ತಪ್ಪೆಂದರೆ ಆ ಕೆಲಸವನ್ನು ನಿಜವಾಗಿ ಮಾಡಿದ್ದು.

ಮಾಳದ ಮೇಲೆ ಮುಖ್ಯವಾಗಿ ಎರಡು ಹುಲ್ಲು. ನೆಲಕ್ಕಂಟಿ ಬೆಳೆಯುವ ಸಣ್ಣ ಸಿಹಿಹುಲ್ಲು, ಕುರಿಗೆ ಹಾಲು ಬರುವುದು ಅದರಿಂದ. ಇನ್ನೊಂದು ಎದೆಮಟ್ಟ ಬೆಳೆಯುವ ಒರಟು ಹುಲ್ಲು, ಕರಡ. ಬಿಸಿಲಿನ ಮನೆಗಳಲ್ಲಿ ಕರಡ ಸೊಕ್ಕಿ ಏಳುತ್ತಿತ್ತು. ಎದ್ದು ಸಿಹಿಹುಲ್ಲಿನ ಮೇಲೆ ನೆರಳು ಹಾಕಿ ಅದನ್ನು ಕೊಲ್ಲುತ್ತಿತ್ತು. ಭೀಮಕ್ಕ ಎಳೆ ಕಚ್ಚಿ ರುಚಿ ನೋಡುತ್ತಿದ್ದಳು, ಕುರುಬರೆಲ್ಲ ಹಾಗೆಯೇ ನೋಡುವುದು. ಶ್ರಾವಣದಲ್ಲಿ ಕರಡ ಇನ್ನೂ ಎಳೆಯದು, ಕುರಿ ಆಗ ಅದನ್ನೇ ಮೊದಲು ಮುರಿಯುತ್ತದೆ. ಅವಳೂ ಕರಡವನ್ನೇ ಬುಡದವರೆಗೆ ಕತ್ತರಿಸಿದಳು. ಸಿಹಿಹುಲ್ಲಿನ ತುದಿ ಮಾತ್ರ ಚಿವುಟಿದಳು. ಮಾಯಕ್ಕ, ತಮ್ಮಣ್ಣ ಹಾಗೆಯೇ ಮಾಡಿದರು. ಎರಡು ತಿಂಗಳಲ್ಲಿ, ಮೇಯದ ಹನ್ನೆರಡು ಮನೆಗಳು ಕರಡದ ಪಾಲಾದವು. ಇವರು ಮೇದ ಹನ್ನೆರಡರಲ್ಲಿ ಅಷ್ಟು ಬಿಸಿಲಿನ ನಡುವೆಯೂ ಸಿಹಿಹುಲ್ಲು ಉಳಿಯಿತು. ಸುಯೋಗ ಹದಿನೈದು ದಿನಕ್ಕೊಮ್ಮೆ ಎಣಿಸಿ ಹಸಿರು ವಹಿಯಲ್ಲಿ ಬರೆದ. ಅವನ ಮುಖ ಅರಳಿದ್ದನ್ನು ಭೀಮಕ್ಕ ನೋಡಿದಳು.

ನವರಾತ್ರಿಯ ಮೊದಲ ದಿನ ಅವಳು ಕತ್ತರಿ ಕೆಳಗಿಟ್ಟಳು.

“ಇವತ್ತಿಂದ ದೀಪಾವಳಿ ಪಾಡ್ಯದ ತನಕ ಕುರಿ ಮಾಳಕ್ಕ ಬರಂಗಿಲ್ರಿ,” ಎಂದಳು.

ಸುಯೋಗ ತಬ್ಬಿಬ್ಬಾದ. “ಯಾರ ಹೇಳ್ಯಾರ್ರಿ ಹಂಗ?”

“ಹೇಳೂದೇನ್ರಿ. ಸಿಹಿಹುಲ್ಲ ತೆನಿ ಹೊತ್ತೈತಿ. ಬೀಜಾ ಉದರೂತನಕ ಬೀರಪ್ಪನ ಆಣಿ ಐತಿ. ನಮ್ಮ ಕುರಿ ಎಂದೂ ಬಂದಿಲ್ಲ. ನಾ ಹೆಂಗ ಬರಲಿ?” ಸ್ವಲ್ಪ ತಡೆದು ಮತ್ತೆ ಹೇಳಿದಳು: “ಇನ್ನೊಂದ ಮಾತ ಬರಕೋರಿ ಸಾಹೇಬ್ರ. ಬಿಸಲಿನ ಮನ್ಯಾಗ ಬೀಜಾ ಆಗಲೇ ಉದರಾಕ ಸುರುವಾಗೇತಿ. ಇಪ್ಪತ್ತ ದಿನ ಮೊದಲ. ಮುಂದ ಖರೇನ ಇಷ್ಟ ಬಿಸಲ ಬಂತಂದ್ರ ನಾವು ಆಣಿ ದಿನಾನ ಬದಲ ಮಾಡಬೇಕಾಗತೈತಿ. ಬೀರಪ್ಪಗ ಯಾರ ಹೇಳೂದು ಅಂತ ರಾತ್ರಿ ನಿದ್ದಿ ಬಂದಿಲ್ಲ ನನಗ.”

ಸುಯೋಗ ಬರೆದುಕೊಂಡ. ಬರೆದದ್ದು ಬೆಳಗಾವಿಗೆ ಹೋಯಿತು. ನಾಲ್ಕನೆಯ ದಿನ ನೋಟೀಸು ಬಂತು. ಸುಯೋಗ ತಗ್ಗಿದ ದನಿಯಲ್ಲಿ ಓದಿದ: ಕುರಿ-1 ಅನುಮತಿಯಿಲ್ಲದೆ ಮೇಯುವುದನ್ನು ನಿಲ್ಲಿಸಿದೆ. ಕುರಿ-1 ತನಗೆ ಇಷ್ಟ ಬಂದ ಹುಲ್ಲನ್ನು ಆರಿಸಿ ಮೇದಿದೆ. ಇದು ಅಶಿಸ್ತು. ಇನ್ನು ಮುಂದೆ ಎಲ್ಲ ಹುಲ್ಲನ್ನೂ ಎರಡು ಬೆರಳೆತ್ತರಕ್ಕೆ, ಸಮನಾಗಿ, ವಾರಕ್ಕೊಮ್ಮೆ ಕತ್ತರಿಸತಕ್ಕದ್ದು. ಹಿಂದಿನ ಎರಡು ತಿಂಗಳ ಅಂಕಿಅಂಶಗಳನ್ನು ಕೈಬಿಡಲಾಗಿದೆ.

“ಯಾವ ಕುರಿ ಹಿಂಗ ಮೇಯ್ತೈತ್ರಿ?” ಎಂದ ತಮ್ಮಣ್ಣ. “ಇದು ಕ್ಷೌರ.”

ಭೀಮಕ್ಕ ಕಾರ್ಡು ತೆಗೆದು ಕೊಡಲು ಹೋದಳು. ಸುಯೋಗ ಕೈ ಅಡ್ಡ ಹಿಡಿದ. “ನೀವು ಬಿಟ್ರ ವರದಿ ನಿಲ್ಲತೈತಿ ಭೀಮಕ್ಕ. ವರದಿ ಇಲ್ಲಂದ್ರ ಬೇಲಿ ತಗಿಯಂಗಿಲ್ಲ.”

ಹಟ್ಟಿಯಲ್ಲಿ ಕರಿಗಿವಿಯ ಪಕ್ಕೆಲುಬು ಎಣಿಸಬಹುದಿತ್ತು. ಭೀಮಕ್ಕ ಮತ್ತೆ ಮೊಣಕಾಲೂರಿದಳು. ಬೀಜದ ಹುಲ್ಲಿಗೆ ಕತ್ತರಿ ಹಾಕಿದಳು. ವಾರಕ್ಕೊಮ್ಮೆ, ಸಮನಾಗಿ, ಎರಡು ಬೆರಳೆತ್ತರಕ್ಕೆ. ಬಸಿರಿಯ ಹೊಟ್ಟೆಗೆ ಒದ್ದಂತಾಗುತ್ತಿತ್ತು ಅವಳಿಗೆ. ಅಳುತ್ತಲೇ ಕತ್ತರಿಸಿದಳು. ಕಾರ್ತಿಕ ಮುಗಿಯುವಷ್ಟರಲ್ಲಿ ಆ ಹನ್ನೆರಡು ಮನೆಗಳಲ್ಲೂ ಸಿಹಿಹುಲ್ಲು ಸತ್ತಿತ್ತು. ಗಟ್ಟಿ ಬೇರಿನ ಕರಡ ಬೋಳಾದರೂ ಬದುಕಿತ್ತು.

ಮಾರ್ಗಶಿರದಲ್ಲಿ ಮೂವರನ್ನೂ ಬೆಳಗಾವಿಗೆ ಕರೆಸಿದರು. ಖಾನಾಪುರದಲ್ಲಿ ಬಸ್ಸು ಬದಲಿಸಿ, ಟಿಳಕವಾಡಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಸಂಸ್ಥೆಯ ಕಚೇರಿಗೆ ಹೋದರು. ತಣ್ಣನೆಯ ಕೋಣೆ. ಹೊರಗೆ ಚಳಿ, ಒಳಗೆ ಅದಕ್ಕಿಂತ ಚಳಿ. ಲೋಕ ಬಿಸಿಯಾಗುವುದರ ಬಗ್ಗೆ ಅಲ್ಲಿ ಮಾತಾಡುತ್ತಾರೆ. ಮೂವರಿಗೂ ಹಿಂದಿನ ಸಾಲಿನ ಕುರ್ಚಿ ತೋರಿಸಿದರು. ನಾಲ್ಕು ತಿಂಗಳ ಮೇಲೆ ಸಂಸ್ಥೆ ಅವರನ್ನು ಕುಂಡೆ ಊರಿ ಕೂರಲು ಬಿಟ್ಟಿತ್ತು.

ಗೋಡೆಯ ಮೇಲೆ ಬಣ್ಣದ ಪಟ್ಟಿಗಳು ಮೂಡಿದವು. ಪೂರ್ಣಿಮಾ ಮೇಡಂ ಕೋಲು ಹಿಡಿದು ತೋರಿಸಿದರು. “ತಾಪ ಏರಿದ ಕಡೆ ಕುರಿ ಮೇದರೆ ಸಿಹಿಹುಲ್ಲು ಸಂಪೂರ್ಣ ನಾಶವಾಗುತ್ತದೆ. ಆದ್ದರಿಂದ ಬೀರಪ್ಪನ ಮಾಳದಲ್ಲಿ ಕುರಿಗಳನ್ನು ಶಾಶ್ವತವಾಗಿ ನಿಷೇಧಿಸಬೇಕು ಎಂಬುದು ನಮ್ಮ ಶಿಫಾರಸು. ಮುಂದಿನ ಸೋಮವಾರ ಮೇಲಿನ ಕಚೇರಿಯವರು ಮಾಳ ನೋಡಲು ಬರುತ್ತಾರೆ. ಅಷ್ಟರಲ್ಲಿ ಕುರುಬರ ಒಪ್ಪಿಗೆ ಬೇಕು.”

ಒಂದು ಹಾಳೆ, ಒಂದು ಶಾಯಿ ಪೆಟ್ಟಿಗೆ ಹಿಂದಿನ ಸಾಲಿಗೆ ಬಂದವು. ಭೀಮಕ್ಕ ಹೆಬ್ಬೆರಳು ಮಡಚಿಕೊಂಡಳು.

“ಮೇಡಂರ, ಆ ಹುಲ್ಲ ಮೇದದ್ದು ಯಾವ ಕುರಿ ರೀ?”

“ಕುರಿ ಅಂದರೆ ಪ್ರಯೋಗದ ಕುರಿ.”

“ಅದು ನಾನ ಅಲ್ಲೇನ್ರಿ?”

“ತಾಂತ್ರಿಕವಾಗಿ ನೋಡಿದರೆ, ಹೌದು.”

“ನಾ ಮೇದಂಗ ಯಾವ ಕುರೀನೂ ಮೇಯಂಗಿಲ್ರಿ. ನೀವ ಹೇಳಿ ಕತ್ತರಸಿದ್ರಿ. ಮೊದಲಿನ ಎರಡ ತಿಂಗಳ ನಾವು ಕುರಿಗತೆ ಮೇದಿದ್ವಿ, ಆಗ ಸಿಹಿಹುಲ್ಲ ಉಳದಿತ್ತು. ಅದ್ಯಾಕ ಈ ಗ್ವಾಡಿ ಮ್ಯಾಲ ಇಲ್ಲ?”

“ಅದು ಅಶಿಸ್ತಿನ ಮೇಯುವಿಕೆ. ಲೆಕ್ಕಕ್ಕೆ ಬರುವುದಿಲ್ಲ.”

ಸುಯೋಗ ನೆಲ ನೋಡುತ್ತಿದ್ದ. ಭೀಮಕ್ಕ ಎದ್ದು ನಿಂತಳು. ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು.

“ಬಿಸಲಿಗೆ ಬೇಲಿ ಹಾಕಾಕ ನಿಮಗ ಆಗಂಗಿಲ್ಲ. ಅದಕ್ಕ ಕುರಿಗೆ ಹಾಕೀರಿ,” ಎಂದಳು. “ನನ್ನ ಕೈಲೆ ನನ್ನ ಕುರಿ ಮ್ಯಾಲ ಸಾಕ್ಷಿ ಹೇಳಸೀರಿ. ಮ್ಯಾಲ ಒಪಿಗಿ ಬ್ಯಾರೆ ಕೇಳತೀರಿ.”

“ಹೆಬ್ಬೆಟ್ಟು ಒತ್ತಿದರೆ ಸಾಕು ಭೀಮಕ್ಕ, ಓದಬೇಕಾಗಿಲ್ಲ.”

“ಕುರಿಗೆ ಹೆಬ್ಬಟ್ಟ ಎಲ್ಲಿರತೈತ್ರಿ ಮೇಡಂರ?”

ಹಾಳೆ ಹಾಗೇ ಉಳಿಯಿತು. ಮೂವರೂ ಚಹಾ ಕುಡಿಯದೆ ಹೊರಬಿದ್ದರು. ಚಹಾ ಬೇಕೇ ಎಂದು ಕೇಳಿದವರೂ ಯಾರೂ ಇರಲಿಲ್ಲ ಅನ್ನಿ.

ಸೋಮವಾರ ಬೆಳಿಗ್ಗೆ ಮಾಳದ ಮೇಲೆ ಎರಡು ಜೀಪು ಬಂದವು. ಮೇಲಿನ ಕಚೇರಿಯ ಇಬ್ಬರು ಸಾಹೇಬರು ಟೊಪ್ಪಿಗೆ ಹಾಕಿಕೊಂಡು ಬಿಸಿಲಿನ ಮನೆಗಳ ನಡುವೆ ತಿರುಗಾಡುತ್ತಿದ್ದರು. ಪೂರ್ಣಿಮಾ ಮೇಡಂ ವಿವರಿಸುತ್ತಿದ್ದರು. ಒಂಬತ್ತೂವರೆಗೆ ಗೇಟಿನಲ್ಲಿ ಗಂಟೆ ಕೇಳಿಸಿತು.

ಕರಿಗಿವಿ ನಿಂತಿತ್ತು. ಅದರ ಕೊರಳಲ್ಲಿ ಗಂಟೆಯ ಪಕ್ಕ ನೀಲಿ ದಾರದ ಕಾರ್ಡು. ಹಿಂದೆ ಇನ್ನೆರಡು ಕುರಿ, ಅವಕ್ಕೂ ಕಾರ್ಡು. ಅವುಗಳ ಹಿಂದೆ ಉಳಿದ ಇಪ್ಪತ್ತೈದು. ಎಲ್ಲಕ್ಕೂ ಹಿಂದೆ ಭೀಮಕ್ಕ, ಮಾಯಕ್ಕ, ತಮ್ಮಣ್ಣ.

ಕಲ್ಲಯ್ಯ ಬಗ್ಗಿ ಕಾರ್ಡು ಓದಿದ. ಕುರಿ-1. ಪ್ರವೇಶಿಸಲು ಅನುಮತಿ ಇದೆ. ಸಹಿ ನೋಡಿದ, ಮೊಹರು ನೋಡಿದ. ಕುರಿಯ ಮುಖ ನೋಡಿದ. ಮುಖ ನೋಡಬೇಡ ಅಂದಿದ್ದರಲ್ಲ, ಹಾಗಾಗಿ ಮತ್ತೆ ಕಾರ್ಡು ನೋಡಿದ. ಗೇಟು ತೆಗೆದ.

ಕರಿಗಿವಿ ಒಳಗೆ ಹೆಜ್ಜೆ ಇಟ್ಟದ್ದೇ ತಡ, ಹಿಂಡಿಗೆ ಹಿಂಡೇ ನುಗ್ಗಿತು. ಎರಡು ವರ್ಷದ ಹಸಿವು. ಕಾರ್ಡಿಲ್ಲದ ಇಪ್ಪತ್ತೈದನ್ನು ತಡೆಯಲು ಕಲ್ಲಯ್ಯನಿಗೆ ಎರಡೇ ಕೈ.

ಮೇಡಂ ಓಡಿ ಬಂದರು. “ಯಾರು ಬಿಟ್ಟದ್ದು ಇವನ್ನು?”

“ಕಾರ್ಡ ಐತ್ರಿ ಮೇಡಂರ. ನಿಮ್ಮದ ಸಹಿ ಐತಿ.”

“ಕಲ್ಲಯ್ಯ, ಇದು ಕುರಿ.”

“ಹೌದ್ರಿ. ಕುರಿ ಅಂತನ ಬರದೈತಿ.”

ಸಾಹೇಬರಲ್ಲಿ ಒಬ್ಬರು ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡರು. ಜೀಪಿನ ಡ್ರೈವರು ಹುಶ್ ಹುಶ್ ಎಂದು ಕೈ ಬೀಸಿದ. ಕುರಿಗಳು ದಿಕ್ಕಾಪಾಲಾಗಿ ಪ್ಲಾಸ್ಟಿಕ್ ಗೋಡೆಗಳತ್ತ ಓಡಿದವು. “ಓಡಿಸಬೇಡ, ಓಡಿಸಬೇಡ,” ಎಂದು ಮೇಡಂ ಅವನನ್ನೇ ತಡೆದರು. ಕುರಿಗಳು ಮತ್ತೆ ನಿಧಾನವಾದವು. ಕರಿಗಿವಿ ಒಂದು ಬಿಸಿಲಿನ ಮನೆಯೊಳಗೆ ಮೂತಿ ಚಾಚಿ ಮೂಸಿತು. ಒಳಗೆ ಒಣಗಿದ ಕರಡ. ತಲೆ ಹಿಂದಕ್ಕೆ ಎಳೆದುಕೊಂಡು, ಮನೆಗಳನ್ನು ಬಳಸಿ, ಆಚೆಯ ಬಯಲಿಗೆ ಹೋಯಿತು. ಅಲ್ಲಿ ಅಲ್ಲಲ್ಲಿ ಸಿಹಿಹುಲ್ಲು ಇನ್ನೂ ಇತ್ತು. ಬೀಜ ಉದುರಿಸಿ ಮುಗಿಸಿತ್ತು. ಹಿಂಡು ತಲೆ ತಗ್ಗಿಸಿತು.

“ಭೀಮಕ್ಕ, ಒಳಗೆ ಬಂದು ಹೊರಗೆ ಹೊಡೆದುಕೊಂಡು ಹೋಗಿ,” ಎಂದರು ಮೇಡಂ.

“ಹೆಂಗ ಬರಲ್ರಿ? ನನ್ನ ಹಂತ್ಯಾಕ ಕಾರ್ಡ ಇಲ್ಲ.” ಭೀಮಕ್ಕ ಗೇಟಿನ ಆಚೆ ನಿಂತೇ ಇದ್ದಳು. ಎರಡು ಕಾಲ ಮೇಲೆ.

“ಅಲ್ಲಿಂದಲೇ ಕರೆಯಿರಿ ಹಾಗಾದರೆ. ನಿಮ್ಮ ದನಿಗೆ ಬರುತ್ತವಂತಲ್ಲ.”

ಬರುತ್ತವೆ. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಒಂದು ಕೂಗು ಹಾಕಿದರೆ ಸಾಕು, ಇಪ್ಪತ್ತೆಂಟೂ ತಲೆಯೆತ್ತಿ ಬರುತ್ತವೆ. ಭೀಮಕ್ಕ ಬಾಯಿ ತೆರೆಯಲಿಲ್ಲ.

“ಸಾಹೇಬ್ರ,” ಎಂದು ಮೇಡಂ ಹಿಂದೆ ಗೇಟಿನ ಬಳಿ ಬಂದು ನಿಂತಿದ್ದ ಸುಯೋಗನನ್ನು ಕರೆದಳು. “ಆ ಹಸರ ವಹಿ ತಂದೀರೇನ್ರಿ? ಮೊದಲಿನ ಎರಡ ತಿಂಗಳದ ಹಾಳಿ ಇವರ ಮುಂದ ಓದ್ರಿ. ಆಮ್ಯಾಲ ಕರೀತೀನಿ.”

ಸುಯೋಗ ಮೇಡಂ ಮುಖ ನೋಡಿದ. ಮೇಡಂ ಬೇಡವೆಂದು ಕಣ್ಣಲ್ಲೇ ಹೇಳಿದರು. ಅವನು ನೆಲ ನೋಡಿದ. ನೆಲದ ಮೇಲೆ ಭೀಮಕ್ಕನ ಪಾದ, ಪಾದದ ಮೇಲೆ ಸೀರೆಯಂಚು, ಅಂಚಿನ ಮೇಲೆ ಮೊಣಕಾಲಿಂದ ಇಳಿದು ಕಪ್ಪಾಗಿ ಒಣಗಿದ ಕಲೆ. ನಾಲ್ಕು ತಿಂಗಳು ದಿನಾ ನೆಲ ನೋಡಿದವನು ಇದನ್ನು ಅಂದು ನೋಡಿದ. ಚೀಲದಿಂದ ವಹಿ ತೆಗೆದ.

“ಆಗಸ್ಟ್ ಹದಿನೆಂಟು,” ಎಂದು ಓದಿದ. “ಏಳನೆಯ ಮನೆ. ಭೀಮಕ್ಕ ಎಳೆಯ ಕರಡವನ್ನು ಮಾತ್ರ ಬುಡಕ್ಕೆ ಕತ್ತರಿಸಿದ್ದಾರೆ. ಸಿಹಿಹುಲ್ಲಿಗೆ ಬೆಳಕು ಸಿಕ್ಕಿದೆ. ಸೆಪ್ಟೆಂಬರ್ ಇಪ್ಪತ್ತೆರಡು. ಮೇಯದ ಬಿಸಿಲಿನ ಮನೆಗಳಲ್ಲಿ ಸಿಹಿಹುಲ್ಲು ನೂರಕ್ಕೆ ಹನ್ನೊಂದು. ಮೇದ ಬಿಸಿಲಿನ ಮನೆಗಳಲ್ಲಿ ನೂರಕ್ಕೆ ನಲವತ್ತು.”

ಬಾಯಿ ಮುಚ್ಚಿಕೊಂಡಿದ್ದ ಸಾಹೇಬರು ಟೊಪ್ಪಿಗೆ ಇಳಿಸಿದರು. “ಇದು ವರದಿಯಲ್ಲಿ ಇಲ್ಲವಲ್ಲ?” ಎಂದು ಮೇಡಂ ಅವರನ್ನು ಕೇಳಿದರು. ಸುಯೋಗ ನಿಲ್ಲಿಸದೆ ಓದುತ್ತ ಹೋದ. ನವರಾತ್ರಿಯ ಆಣೆ, ಇಪ್ಪತ್ತು ದಿನ ಮೊದಲೇ ಉದುರತೊಡಗಿದ ಬೀಜ, ಭೀಮಕ್ಕನಿಗೆ ಬಾರದ ನಿದ್ದೆ, ಎಲ್ಲ ಬರೆದಿತ್ತು. ಕೊನೆಯ ಹಾಳೆ ಮುಗಿಸಿ ವಹಿ ಮುಚ್ಚಿದ.

ಮಾಳದ ತುಂಬ ಕುರಿಗಳು ಹುಲ್ಲು ಹರಿಯುವ ಸದ್ದು ಮಾತ್ರ ಇತ್ತು.

“ಓದಿ ಆಯ್ತಲ್ಲ,” ಎಂದರು ಮೇಡಂ. “ಈಗಲಾದರೂ ಕರೆಯಿರಿ.”

ಭೀಮಕ್ಕ ಗೇಟಿನ ಆಚೆ ಕಲ್ಲಿನ ಮೇಲೆ ಕೂತಳು. ಕಾಲು ಎರಡನ್ನೂ ಮುಂದಕ್ಕೆ ಚಾಚಿ, ಮೊಣಕಾಲಿಗೆ ಕಟ್ಟಿದ್ದ ಕಂಬಳಿ ಚೂರುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಳು.

“ಇನ್ನೊಮ್ಮೆ ಓದ್ರಿ ಸಾಹೇಬ್ರ,” ಎಂದಳು. “ಅವಕ್ಕ ಹೊಟ್ಟಿ ತುಂಬಲಿ.”